ನಕ್ಷೆಯಲ್ಲಿ ಬಿಟ್ಟುಹೋದ ಕಳಸ

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಕಟ್ಟಡಗಳೆಲ್ಲ ನಕ್ಷೆಯ ಪೋರ್ಟಲ್‌ಗೆ ಏರಿದ ದಿನ ಸಂಜೆ ನಾನು ದೇವರ ಮುಂದೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ. ಕಡತ ಏರುತ್ತಿದ್ದಷ್ಟು ಹೊತ್ತು ಕರೆಂಟ್ ಹೋಗಿರಲಿಲ್ಲ, ಇಂಟರ್‌ನೆಟ್ ಕೈಕೊಟ್ಟಿರಲಿಲ್ಲ, ಲ್ಯಾಪ್‌ಟಾಪ್ ನೋಡುತ್ತ ಮೈಮರೆತರೂ ಒಲೆಯ ಮೇಲಿನ ಹಾಲು ಉಕ್ಕಿರಲಿಲ್ಲ. ಒಂದೇ ದಿನ ಇಷ್ಟು ಉಪಕಾರ ಮಾಡಿದವನಿಗೆ ಒಂದು ದೀಪ ಏನೂ ದೊಡ್ಡದಲ್ಲ.

ನಮ್ಮ ಮನೆ ಹೊಳಲ್ಕೆರೆಯಲ್ಲಿ. ಮನೆಗೆಲಸ ಮುಗಿಸಿಕೊಂಡು ಚಿತ್ರದುರ್ಗದ ಒಂದು ಸಣ್ಣ ನಕ್ಷೆ ಕಚೇರಿಗೆ ಕೆಲಸ ಮಾಡಿಕೊಡುತ್ತೇನೆ. ಕೆಲವು ದಿನ ಬಸ್ಸು ಹತ್ತಿ ಅಲ್ಲಿಗೇ ಹೋಗುತ್ತೇನೆ, ಉಳಿದ ದಿನ ಕಚೇರಿಯ ಲ್ಯಾಪ್‌ಟಾಪ್ ನಮ್ಮ ಅಡುಗೆಮನೆಯ ಪಕ್ಕದ ಮೇಜಿನ ಮೇಲಿರುತ್ತದೆ. ಆಗ ನಮ್ಮ ಕೈಯಲ್ಲಿದ್ದದ್ದು ಹಳ್ಳಿಗಳ ತ್ರೀಡಿ ನಕ್ಷೆ. ಮಳೆ ಬಂದರೆ ನೀರು ಯಾವ ಬೀದಿಯಲ್ಲಿ ಇಳಿದು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಚರಂಡಿ ಮಾಡುವುದಕ್ಕೆ ಅದು ಬೇಕಿತ್ತು. ಪೋರ್ಟಲ್ ತೆರೆದರೆ ಯಾರು ಬೇಕಾದರೂ ತಮ್ಮ ಫೋನಿನಲ್ಲೇ ಊರನ್ನು ತಿರುಗಿಸಿ ಮುರುಗಿಸಿ ನೋಡಬಹುದು. ಯಾವ ಮನೆಯ ಮೇಲೆ ಬೆರಳಿಟ್ಟರೂ ಒಂದು ಸಣ್ಣ ಚೌಕ ತೆರೆದು ಅದರ ಎತ್ತರ ಹೇಳುತ್ತದೆ.

ಆ ಎತ್ತರ ಬರುವುದು ಹೀಗೆ. ಡ್ರೋನ್ ಊರಿನ ಮೇಲೆ ಹಾರಿ ಒಂದರ ಮೇಲೊಂದು ಸವರಿಕೊಂಡು ಹೋಗುವಂತೆ ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಆ ಚಿತ್ರಗಳನ್ನು ಹೊಂದಿಸಿ, ಕಂಡ ಕಂಡ ಜಾಗಕ್ಕೆಲ್ಲ ಒಂದೊಂದು ಚುಕ್ಕಿ ಇಡುತ್ತದೆ. ಒಂದೊಂದು ಚುಕ್ಕಿಗೂ ಅದರದೇ ಸ್ಥಳ, ಅದರದೇ ಎತ್ತರ. ಕಣದಲ್ಲಿ ರಾಶಿ ಹಾಕಿದ ರಾಗಿಯಂತೆ ಚುಕ್ಕಿಯೋ ಚುಕ್ಕಿ. ಅದರಲ್ಲಿ ನೆಲದ ಚುಕ್ಕಿ ಬೇರೆ, ಚಾವಣಿಯ ಚುಕ್ಕಿ ಬೇರೆ, ಮರದ ಚುಕ್ಕಿ ಬೇರೆ ಎಂದು ಕೇರಿ ತೆಗೆಯಬೇಕು. ಆಮೇಲೆ ಪ್ರತಿ ಚಾವಣಿಯ ಸುತ್ತ ನಾನು ಗೆರೆ ಎಳೆಯುತ್ತೇನೆ. ಗೆರೆಯೊಳಗಿನ ಅತಿ ಮೇಲಿನ ಚುಕ್ಕಿಯಿಂದ ನೆಲದ ಎತ್ತರ ಕಳೆದರೆ ಮನೆಯ ಎತ್ತರ. ಎಲ್ಲವನ್ನೂ ಒಂದು ಪದರ ಮಾಡಿ, ಕಟ್ಟಿ, ಪೋರ್ಟಲ್‌ಗೆ ಏರಿಸುವುದು.

ಮೊದಲು ಹಿರಿಯೂರು ಕಡೆಯ ಹಳ್ಳಿಗಳನ್ನು ಮಾಡಿದಾಗ ವಿದ್ಯುತ್ ತಂತಿ, ತೆಂಗಿನ ಗರಿ, ಟಿವಿ ಕೊಡೆಯ ಕಂಬ ಎಲ್ಲ ಚಾವಣಿಗೆ ಅಂಟಿಕೊಂಡು, ಬಡವರ ಒಂದಂಕಣದ ಮನೆಯೂ ಧ್ವಜಗಂಬದಂತೆ ನಿಂತಿತ್ತು. ಅದನ್ನು ನೋಡಿ ನಮ್ಮ ಮೇಲ್ವಿಚಾರಕರು ಒಂದು ನಿಯಮ ಮಾಡಿದರು: ತೆಳ್ಳಗೆ ಒಂಟಿಯಾಗಿ ಎದ್ದು ನಿಂತದ್ದನ್ನೆಲ್ಲ ಕಂಪ್ಯೂಟರ್ ತಾನೇ ಕಸವೆಂದು ತೆಗೆದುಹಾಕಲಿ. ಅಲ್ಲಿಂದಾಚೆ ಮನೆಗಳು ಮನೆಗಳಂತೆ ಕಂಡವು. ನಮಗೆಲ್ಲ ಹಾಯೆನಿಸಿತ್ತು.

ಪದರ ಏರಿದ ಸ್ವಲ್ಪ ದಿನಕ್ಕೆ ಕಚೇರಿಗೆ ಒಂದು ಫೋನ್ ಬಂತು. ಮೇಲ್ವಿಚಾರಕರು ನನಗಿಂತ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ. ಎರಡು ಮಾತು ಕೇಳಿ, "ಅಕ್ಕ, ನೀವೇ ಮಾತಾಡಿ, ಅವರು ಅಳ್ತಾ ಇದಾರೆ" ಎಂದು ನನ್ನ ಕೈಗೆ ಕೊಟ್ಟರು.

"ನೀವೇ ಏನ್ರಿ ನಮ್ಮೂರ ಮನೆಗಳ ಎತ್ತರ ಬರೆದೋರು?" ಆ ಕಡೆಯಿಂದ ಹೆಂಗಸಿನ ದನಿ.

"ಹೌದವ್ವ. ಏನಾಯ್ತು?"

"ನಮ್ಮನೆ ಹನುಮಪ್ಪನ ಗುಡಿಗಿಂತ ಎತ್ತರ ಐತೆ ಅಂತ ಬರ್ದೀರಂತೆ. ಊರೋರೆಲ್ಲ ಫೋನಿನಾಗೆ ನೋಡಿದ್ರು. ಮ್ಯಾಲಿನ ಕೋಣೆ ಕೆಡವು ಅಂತ ಹೇಳಿ ಕುಂತವ್ರೆ."

ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಆ ಊರಲ್ಲಿ ಹಿಂದಿನಿಂದ ಒಂದು ಕಟ್ಟಳೆ. ಯಾವ ಮನೆಯೂ ಹನುಮಪ್ಪನ ಕಳಸಕ್ಕಿಂತ ಎತ್ತರ ಏಳಕೂಡದು. ಇವರದು ಕುರಿ ಸಾಕುವ ಮನೆ. ಗಂಡ ಮಂದೆ ಹೊಡೆದುಕೊಂಡು ಹರಿಯಬ್ಬೆ ಕಡೆಯ ಹೊಲಗಳಲ್ಲಿದ್ದ. ಮನೆಯಲ್ಲಿ ಅತ್ತೆ, ಮೈದುನನ ಸಂಸಾರ, ಕೆಳಗೆ ಇರುವುದು ಎರಡೇ ಕೋಣೆ. ಮಗಳು ಬಿ.ಎಡ್. ಓದುತ್ತಾಳೆ. ಅವಳಿಗೊಂದು ಬಾಗಿಲು ಹಾಕಿಕೊಳ್ಳುವ ಕೋಣೆ ಇರಲಿ ಎಂದು ಮೇಲೆ ಒಂದು ಕಟ್ಟಿಸಿದ್ದರು. ಕಟ್ಟುವಾಗ ಊರಿನವರು ನೋಡಿ ಸುಮ್ಮನಿದ್ದರು, ಗುಡಿಯ ಮುಂದೆ ನಿಂತು ನೋಡಿದರೆ ಕಳಸವೇ ಎತ್ತರ ಕಾಣುತ್ತಿತ್ತು. ಈಗ ನಮ್ಮ ನಕ್ಷೆ ಗುಡಿ ಇಪ್ಪತ್ತಾರು ಅಡಿ, ಅವರ ಮನೆ ಮೂವತ್ತೊಂದು ಅಡಿ ಎನ್ನುತ್ತಿತ್ತು. ಕಾರ್ತಿಕದ ದೀಪ ಹಚ್ಚುವುದರೊಳಗೆ ಕೋಣೆ ಇಳಿಸಬೇಕು ಎಂದು ಗುಡಿಯ ಯಜಮಾನರು ಹೇಳಿ ಕಳಿಸಿದ್ದರು.

"ನನ್ ಮಗಳು ಅಲ್ಲಿ ಕುಂತು ಓದಾಕೆ ಶುರು ಮಾಡಿ ಇನ್ನೂ ತಿಂಗಳಾಗಿಲ್ರಿ" ಎಂದರು ಆಕೆ.

ನೋಡುತ್ತೇನೆ ಎಂದೆ. ಅವರ ನಂಬರ್ ಬರೆದುಕೊಂಡು ನನ್ನದನ್ನೂ ಕೊಟ್ಟೆ.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಆ ಗುಡಿಯನ್ನು ಹತ್ತಿರ ತಂದು ನೋಡುತ್ತ ಕೂತೆ. ಗೆರೆ ಸರಿಯಿತ್ತು, ನೆಲ ಸರಿಯಿತ್ತು. ನಮ್ಮತ್ತೆ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿದ್ದರು. ಪರದೆಯಲ್ಲಿ ಗೋಪುರ ಕಂಡು ಅಭ್ಯಾಸದಂತೆ ಕೈ ಎತ್ತಿದವರು ಅರ್ಧಕ್ಕೇ ನಿಲ್ಲಿಸಿದರು.

"ಇದು ಇನ್ನೂ ಪ್ರತಿಷ್ಠೆ ಆಗಿಲ್ಲೇನೇ?"

"ಹಳೇ ಗುಡಿ ಅತ್ತೆ, ಯಾಕೆ?"

"ಮತ್ತೆ ಕಳಸ ಎಲ್ಲೈತೆ? ಕಳಸ ಇಲ್ಲದ ಗೋಪುರಕ್ಕೆ ಹೆಂಗೆ ಕೈ ಮುಗಿಯಾದು?"

ನಾನು ತಕ್ಷಣ ಕೇರಿದ ಚುಕ್ಕಿಗಳ ಕಡತ ತೆರೆದೆ. ಗೋಪುರ ಬಟ್ಟಲು ಬೋರಲು ಹಾಕಿದಂತೆ ಬೋಳಾಗಿತ್ತು. ತೆಳ್ಳಗೆ ಒಂಟಿಯಾಗಿ ಎದ್ದು ನಿಂತದ್ದನ್ನೆಲ್ಲ ಕಸವೆಂದು ತೆಗೆಯುವ ನಮ್ಮ ನಿಯಮ ಕಳಸವನ್ನೂ ತೆಗೆದಿತ್ತು. ಇತ್ತ ಆ ಮನೆಯ ಚಾವಣಿಯ ಮೇಲೆ ಕಬ್ಬಿಣದ ಕಾಲುಗಳ ಮೇಲೆ ಒಂದು ಕಪ್ಪು ನೀರಿನ ಟ್ಯಾಂಕ್. ಅದು ದಪ್ಪಗಿದೆ, ಆದ್ದರಿಂದ ಉಳಿದಿದೆ. ದೇವರ ತಲೆಯ ಕಳಸ ಬಿಟ್ಟು, ಮನೆಯ ತಲೆಯ ಟ್ಯಾಂಕ್ ಸೇರಿಸಿ ಎರಡನ್ನೂ ಹೋಲಿಸಿ ಹೇಳಿಬಿಟ್ಟಿದ್ದೆವು.

"ಅತ್ತೆ, ನೀವು ಇವತ್ತು ಒಂದು ಮನೆ ಉಳಿಸಿದ್ರಿ" ಎಂದೆ.

"ನಾನು ಅವರೆಕಾಯಿ ಸುಲೀತಿದ್ದೆ ಕಣೇ" ಎಂದರು.

ಮಾರನೆಯ ದಿನ ಮೇಲ್ವಿಚಾರಕರಿಗೆ ತೋರಿಸಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ತಪ್ಪು ಒಪ್ಪಲು ಅವರಿಗೆ ಕಷ್ಟವಾಗಲಿಲ್ಲ. ಕಷ್ಟ ಬೇರೆ ಇತ್ತು. ಪದರವನ್ನು ಇಳಿಸಿ ಹೊಸದಾಗಿ ಏರಿಸಿದರೆ ಅದರ ಲಿಂಕ್, ಅಂದರೆ ಪೋರ್ಟಲ್‌ನಲ್ಲಿನ ವಿಳಾಸವೇ ಬದಲಾಗುತ್ತದೆ. ಆ ವಿಳಾಸ ಹಿಡಿದುಕೊಂಡು ಚರಂಡಿ ಕೆಲಸದವರು ತಮ್ಮ ನಕ್ಷೆಗಳನ್ನು ಜೋಡಿಸಿಕೊಂಡಿದ್ದರು, ಅವೆಲ್ಲ ಖಾಲಿಯಾಗುತ್ತವೆ. ಮುಂದಿನ ಸುತ್ತಿನಲ್ಲಿ ಎಲ್ಲ ಹಳ್ಳಿ ಸೇರಿಸಿ ಸರಿಮಾಡೋಣ ಎಂದರು.

"ಮುಂದಿನ ಸುತ್ತು ಕಾರ್ತಿಕ ಕಳೆದ ಮೇಲೆ ಸರ್. ಅಷ್ಟರಲ್ಲಿ ಗೋಡೆ ನೆಲಕ್ಕೆ ಬಂದಿರುತ್ತೆ."

ಅವರು ಮತ್ತೆ ಕಡತ ತೆರೆದು ನೋಡಿ, ವಿಳಾಸ ಹಾಗೇ ಇಟ್ಟು ಒಳಗಿನ ಸರಕು ಮಾತ್ರ ಬದಲಿಸುವ ದಾರಿ ಇದೆ, ಒಂದು ಗೆರೆ ಹೆಚ್ಚುಕಡಿಮೆಯಾದರೂ ಕೂಡುವುದಿಲ್ಲ, ಕಷ್ಟದ ಕೆಲಸ ಎಂದರು. ಅಲ್ಲಿಯವರೆಗೆ ಬೆರಳಿಟ್ಟರೆ ಎತ್ತರ ಹೇಳುವ ಆ ಚೌಕವನ್ನು ಮುಚ್ಚಿಟ್ಟರು. ಅಷ್ಟು ಕರುಣೆ ಆ ದಿನಕ್ಕೆ ಸಾಕಾಯಿತು.

ನಿಯಮ ತೆಗೆದು ಮತ್ತೆ ಚುಕ್ಕಿ ಕೇರಿಸಿದೆವು. ತಂತಿಗಳೆಲ್ಲ ವಾಪಸ್ ಬಂದವು, ಕಳಸ ಮಾತ್ರ ಬರಲಿಲ್ಲ. ಹಿತ್ತಾಳೆಯ ಕಳಸ ಬಿಸಿಲಿಗೆ ಹೊಳೆದು ಒಂದೊಂದು ಚಿತ್ರದಲ್ಲಿ ಒಂದೊಂದು ಥರ ಕಂಡಿತ್ತು. ಅದರ ಜಾಗದಲ್ಲಿ ನಾಲ್ಕು ಚುಕ್ಕಿ ಚೆದುರಿಬಿದ್ದಿದ್ದವು, ತುದಿ ಯಾವುದೋ ಹೇಳುವಂತಿರಲಿಲ್ಲ. ಹೋಗಿ ಅಳೆಯದೆ ಬೇರೆ ದಾರಿ ಇರಲಿಲ್ಲ.

ಮೇಲ್ವಿಚಾರಕರ ಕಾರಿನಲ್ಲಿ ಹೋದೆವು. ಬಾಗೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಆ ಊರು. ಗುಡಿ ತಗ್ಗಿನಲ್ಲಿ, ಊರು ಗುಡ್ಡದ ಇಳಿಜಾರಿನಲ್ಲಿ ಮೇಲಕ್ಕೆ ಹರಡಿದೆ. ಗುಡ್ಡದ ನೆತ್ತಿಯಲ್ಲಿ ಗಾಳಿಫ್ಯಾನುಗಳು ತಿರುಗುತ್ತಿದ್ದವು. ಗುಡಿಕಟ್ಟೆಯ ಮೇಲೆ ಜನ ಸೇರಿದ್ದರು. ಗುಡಿಯ ಯಜಮಾನರು ವಯಸ್ಸಾದವರು, ದಪ್ಪ ಮೀಸೆ, ಹೆಗಲ ಮೇಲೆ ಟವಲ್ಲು. ಕಟ್ಟೆಯ ತುದಿಯಲ್ಲಿ ಸೆರಗು ಹೊದ್ದು ನಿಂತಿದ್ದವರೇ ನನಗೆ ಫೋನ್ ಮಾಡಿದವರು ಎಂದು ನೋಡಿದ ಕೂಡಲೇ ಗೊತ್ತಾಯಿತು.

"ಬರ್ರಿ, ಕುಂತ್ಕಳ್ರಿ. ಮೊದ್ಲು ನೀರು ಕುಡೀರಿ, ಜಗಳ ಆಮ್ಯಾಲೆ ಮಾಡಾಣ" ಎಂದರು ಯಜಮಾನರು.

ಮೇಲ್ವಿಚಾರಕರು ಲೇಸರ್ ಯಂತ್ರ ಹಿಡಿದು ಕಳಸಕ್ಕೆ ಗುರಿಯಿಟ್ಟರು. ಬಿಸಿಲಲ್ಲಿ ಆ ಕೆಂಪು ಚುಕ್ಕಿ ಎಲ್ಲಿ ಬಿತ್ತೋ ಕಾಣಲಿಲ್ಲ. ಯಂತ್ರ ಒಂದೊಂದು ಸಲ ಒಂದೊಂದು ಅಂಕಿ ಹೇಳಿತು. "ಯಂತ್ರಕ್ಕೂ ದೃಷ್ಟಿ ಮಂಜಾಗೈತೆ" ಎಂದು ಯಾರೋ ನಕ್ಕರು.

ಕೊನೆಗೆ ಪೂಜಾರಿಯೇ ಹತ್ತುವುದೆಂದಾಯಿತು. ಕಳಸ ಮುಟ್ಟುವ ಹಕ್ಕು ಅವರೊಬ್ಬರದೇ. ಅವರು ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಏಣಿ ಹತ್ತಿ, ಕಳಸದ ತುದಿಗೆ ಸಮನಾಗಿ ಒಂದು ಬಿದಿರುಕೋಲನ್ನು ಹೊರಕ್ಕೆ ಚಾಚಿ ಹಿಡಿದರು. ಕೋಲಿನ ತುದಿಯಿಂದ ದಾರ ಇಳಿಬಿಟ್ಟೆವು. ದಾರ ನೇರ ನಿಲ್ಲಲು ಭಾರ ಬೇಕಲ್ಲ, ನಾನು ಪೂಜೆಗೆಂದು ತಂದಿದ್ದ ನಿಂಬೆಹಣ್ಣನ್ನೇ ತುದಿಗೆ ಪೋಣಿಸಿದೆವು. ಗಾಳಿ ಬೀಸಿತು. ನಿಂಬೆಹಣ್ಣು ತೊಟ್ಟಿಲಂತೆ ತೂಗತೊಡಗಿತು.

"ಅಪ್ಪ ಬೀಸ್ತಾವ್ನೆ. ಮಗನ್ನ ಅಳೆಯಾಕೆ ಬಿಡವಲ್ಲ" ಎಂದರು ಯಜಮಾನರು. ಹನುಮಪ್ಪ ವಾಯುಪುತ್ರನಲ್ಲವೇ. ಕಟ್ಟೆಯೆಲ್ಲ ನಕ್ಕಿತು. ಆ ಹೆಂಗಸು ಮಾತ್ರ ನಗಲಿಲ್ಲ, ನಿಂಬೆಹಣ್ಣನ್ನೇ ನೋಡುತ್ತಿದ್ದರು.

ಗಾಳಿ ನಿಂತಿತು. ನಿಂಬೆಹಣ್ಣು ನೆಲ ಮುಟ್ಟಿತು. ದಾರವನ್ನು ಟೇಪಿಗೆ ಹಿಡಿದರೆ ಮೂವತ್ತು ಅಡಿ. ಆಮೇಲೆ ಆ ಮನೆಗೆ ಹೋಗಿ ಅಳೆದೆವು. ಚಾವಣಿಯ ಮೇಲಿನ ಸಣ್ಣ ಗೋಡೆಯೂ ಸೇರಿ ಇಪ್ಪತ್ನಾಲ್ಕು. ಟ್ಯಾಂಕ್ ಸೇರಿಸಿದರೆ ಮಾತ್ರ ಮೂವತ್ತೊಂದು.

ಕಟ್ಟೆಗೆ ವಾಪಸ್ ಬಂದು ಮೇಲ್ವಿಚಾರಕರು ಇಷ್ಟನ್ನೂ ಜೋರಾಗಿ ಹೇಳಿದರು. ನಕ್ಷೆಯಲ್ಲಿ ಕಳಸ ಬಿಟ್ಟುಹೋಗಿತ್ತು, ತಪ್ಪು ನಮ್ಮದು ಎಂದರು. ಆ ಹೆಂಗಸಿನ ಮುಖ ಸ್ವಲ್ಪ ಸಡಿಲವಾಯಿತು. ಎದ್ದು ಹೊರಡುವುದೊಂದೇ ಬಾಕಿ ಎಂದುಕೊಂಡೆ.

ಯಜಮಾನರು ಮೀಸೆ ಸವರಿಕೊಂಡರು. "ಒಂದು ಮಾತು ಕೇಳ್ತೀನಿ ತಂಗಿ. ನೀವು ನೆಲದಿಂದ ಅಳೆದ್ರಿ. ಗುಡಿ ನೆಲ ತಗ್ಗು, ಅವರ ಮನೆ ನೆಲ ದಿಬ್ಬ. ಕಳಸದ ತುದಿಯಿಂದ ಸಮನಾಗಿ ಒಂದು ದಾರ ಎಳೆದ್ರೆ ಅವರ ಮನೆ ಮ್ಯಾಲೆ ಬರುತ್ತೋ ಕೆಳಗೆ ಬರುತ್ತೋ?"

ಪ್ರಶ್ನೆ ಸರಿಯಾದದ್ದೇ. ನಮ್ಮ ಕಡತದಲ್ಲಿ ಪ್ರತಿ ಕಟ್ಟಡಕ್ಕೂ ಎರಡು ಎತ್ತರ ಇರುತ್ತದೆ. ಒಂದು ತಾನು ನಿಂತ ನೆಲದಿಂದ, ಇನ್ನೊಂದು ಸಮುದ್ರಮಟ್ಟದಿಂದ. ಎರಡನೆಯದು ಏನು ಹೇಳುತ್ತದೆಂದು ನಾನು ಮನೆಯಲ್ಲೇ ನೋಡಿಕೊಂಡು ಬಂದಿದ್ದೆ. ಲ್ಯಾಪ್‌ಟಾಪ್ ನನ್ನ ಮಡಿಲಲ್ಲಿ ತೆರೆದೇ ಇತ್ತು. ಮೇಲ್ವಿಚಾರಕರು ನನ್ನ ಮುಖ ನೋಡಿ, "ಅಕ್ಕ, ಎತ್ತರ ಅಂದ್ರೆ ನೆಲದಿಂದ ಅಷ್ಟೇ, ಲ್ಯಾಪ್‌ಟಾಪ್ ಮುಚ್ಚಿ" ಎಂದು ಮೆಲ್ಲಗೆ ಹೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮುಚ್ಚಿಬಿಟ್ಟಿದ್ದರೆ ಕೋಣೆಯೂ ಉಳಿಯುತ್ತಿತ್ತೇನೋ. ಆದರೆ ನಾಳೆ ಇನ್ಯಾರೋ ಫೋನಿನಲ್ಲಿ ಊರನ್ನು ಓರೆ ಮಾಡಿ ನೋಡಿ ಇದೇ ಮಾತು ಎತ್ತುತ್ತಾರೆ. ಆಗ ಆ ಹೆಂಗಸಿನ ಪಕ್ಕ ನಾವ್ಯಾರೂ ಇರುವುದಿಲ್ಲ. ಅಲ್ಲದೆ ಹನುಮಪ್ಪನ ಎದುರು ಕೂತು ಅರ್ಧ ಹೇಳಿ ಎದ್ದುಬರಲು ನನಗೆ ಮನಸ್ಸಾಗಲಿಲ್ಲ.

"ತೋರಿಸ್ತೀನಿ ಯಜಮಾನ್ರೆ, ಹತ್ತಿರ ಬರ್ರಿ" ಎಂದೆ.

ನಕ್ಷೆಯಲ್ಲಿ ಅಳತೆ ಮಾಡಿದ ಕಳಸದ ತುದಿಗೆ ಸಮನಾಗಿ, ಊರಿನುದ್ದಕ್ಕೂ ಒಂದು ನೀಲಿ ಹಾಳೆ ಹಾಸಿದೆ. ಕೆರೆಗೆ ನೀರು ತುಂಬಿ ಊರೇ ಮುಳುಗಿದರೆ ಹೇಗೋ ಹಾಗೆ. ಹಾಳೆಯಿಂದ ಮೇಲೆ ತಲೆ ಎತ್ತಿದ್ದೆಲ್ಲ ಕೆಂಪಾಗುವಂತೆ ಮಾಡಿದೆ. ಮೊದಲು ಕೆಂಪಾದದ್ದು ಆಕೆಯ ಚಾವಣಿಯೇ. ಹಿಂದೆ ನಿಂತಿದ್ದ ಆಕೆ "ಅಯ್ಯೋ ಶಿವನೇ" ಎಂದು ಕೂತೇಬಿಟ್ಟರು.

"ಅಲ್ಲೇ ನಿಲ್ಬೇಡಿ, ಇನ್ನೂ ನೋಡ್ರಿ" ಎಂದು ನಾನು ಊರನ್ನು ಮೆಲ್ಲಗೆ ಗುಡ್ಡದ ಕಡೆಗೆ ತಿರುಗಿಸಿದೆ. ಮೇಲಿನ ಕೇರಿ ಪೂರ್ತಿ ಕೆಂಪು. ಶಾಲೆ ಕೆಂಪು, ಹುಣಸೆಮರ ಕೆಂಪು, ಬಿದ್ದುಹೋದ ಹಳೇ ಚಾವಡಿಯ ಮೊಂಡುಗೋಡೆಯೂ ಕೆಂಪು.

ಕಟ್ಟೆಯ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಒಬ್ಬ ಅಜ್ಜಿ ಬಗ್ಗಿ ನೋಡಿ ಪರದೆಗೆ ಬೆರಳಿಟ್ಟು ಯಜಮಾನರನ್ನು ಕೇಳಿದರು. "ಈ ಹೆಂಚಿನ ಮನೆ ನಿಂದೇ ಅಲ್ಲೇನಪ್ಪ? ಹಿಂದ್ಲ ಕೊಟ್ಟಿಗೇನೂ ಕೆಂಪಗೈತಲ್ಲ."

ಯಜಮಾನರು ಕನ್ನಡಕ ತೆಗೆದು, ಟವಲ್ಲಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಹಂಗಾದ್ರೆ ನಮ್ಮೆಮ್ಮೆ" ಎಂದರು ಕೊನೆಗೆ, "ನಮ್ಮಜ್ಜನ ಕಾಲದಿಂದ ಹನುಮಪ್ಪನ ತಲೆ ಮ್ಯಾಲೆ ಕುಂತು ಮೆಲುಕು ಹಾಕ್ತೈತೆ."

ಅಜ್ಜಿಯೇ ಮೊದಲು ನಕ್ಕಿದ್ದು. ಆಮೇಲೆ ಯಜಮಾನರೂ ಮೀಸೆಯೊಳಗೆ ನಕ್ಕರು. ನಗು ಇಳಿದ ಮೇಲೆ ಕೆಳಗೆ ಕೂತಿದ್ದ ಆಕೆಯ ಕಡೆ ತಿರುಗಿದರು.

"ಏಳವ್ವ ಮ್ಯಾಕೆ. ತಗ್ಗಿನಾಗೆ ಕುಂತಿದ್ದು ಹನುಮಪ್ಪಂದೇ ಇಚ್ಛೆ. ನೀರಿರೋ ಕಡೆ ಕುಂತ. ಮ್ಯಾಲೆ ಊರು ಕಟ್ಟಿದ ಹಿರೀಕರೂ ನೆಲದಿಂದ್ಲೇ ಅಳೆದಿರ್ತಾರೆ, ಇಲ್ಲಾಂದ್ರೆ ನಮ್ಮನೇನೇ ಇರ್ತಿರಲಿಲ್ಲ. ಕೋಣೆ ಇರ್ಲಿ. ಆ ಟ್ಯಾಂಕ್ ಒಂದು ಇಳಿಸು. ನೆಲದಿಂದ ಅಳೆದ್ರೂ ಅದು ಕಳಸ ದಾಟುತ್ತೆ."

"ಇವತ್ತೇ ಇಳಿಸ್ತೀನಿ" ಎಂದರು ಆಕೆ. "ಇನ್ನೂ ನೀರೇ ತುಂಬ್ಸಿಲ್ಲ." ಅದೂ ಒಂದು ಪುಣ್ಯ ಎಂದುಕೊಂಡೆ.

ನಾವು ಏಳುವಾಗ ಯಜಮಾನರು ಕೈ ಅಡ್ಡ ಹಿಡಿದರು. "ಎಲ್ಲಿಗೆ ಹೊಂಟ್ರಿ? ನಿಮ್ ಪಂಚಾಯ್ತಿ ಬಾಕಿ ಐತಲ್ಲ. ಕಳಸದ ಮ್ಯಾಲೆ ಡ್ರೋನ್ ಹಾರಿಸಿದೋರು ಯಾರು? ಎಮ್ಮೆಗಿಂತ, ಟ್ಯಾಂಕಿಗಿಂತ, ಎಲ್ಲಾದಕ್ಕಿಂತ ಮ್ಯಾಲೆ ಹೋದೋರು ನೀವೇ. ತಪ್ಪುಕಾಣಿಕೆ ಬೀಳುತ್ತೆ."

ಮೇಲ್ವಿಚಾರಕರು ಗಾಬರಿಯಿಂದ ನನ್ನ ಕಡೆ ನೋಡಿದರು. "ಕಾರ್ತಿಕದ ದೀಪಕ್ಕೆ ಎಣ್ಣೆ ನಮ್ಮ ಕಚೇರಿಯಿಂದ" ಎಂದೆ. ಯಜಮಾನರು ಒಪ್ಪಿ ಕೈಬಿಟ್ಟರು.

ಉಳಿದದ್ದು ನಮ್ಮ ಮೇಜಿನ ಕೆಲಸ. ಟ್ಯಾಂಕ್, ಕಂಬ, ಕೊಡೆಗಳನ್ನು ಮನೆಯ ಎತ್ತರಕ್ಕೆ ಸೇರಿಸುವುದನ್ನು ಬಿಟ್ಟೆವು. ಗುಡಿಗಳಿಗೆ ಆ ಕಸ ತೆಗೆಯುವ ನಿಯಮ ತಾಗದಂತೆ ಮಾಡಿದೆವು. ಅಳತೆಗೆ ತಕ್ಕಂತೆ ಕಳಸವನ್ನು ನಾನೇ ಬಿಡಿಸಿದೆ. ಅತ್ತೆ ಪಕ್ಕದಲ್ಲಿ ಕೂತು ಹೊಟ್ಟೆ ಇನ್ನೂ ದುಂಡಗಿರಲಿ, ಕಂಠ ಸಣ್ಣದಾಗಲಿ, ತುದಿ ಮೊಗ್ಗಿನಂತಿರಲಿ ಎಂದು ಹೇಳುತ್ತ ಹೋದರು. ವಿಳಾಸ ಬದಲಾಗದಂತೆ ಸರಕು ಬದಲಿಸುವಾಗ ಮೊದಲ ಸಲ ಕೂಡಲಿಲ್ಲ. ಒಂದು ಮನೆಯ ಗೆರೆ ತಾನೇ ತನ್ನ ಮೇಲೆ ದಾಟಿಕೊಂಡಿತ್ತು. ಹುಡುಕಿ ಬಿಡಿಸಿ ಮತ್ತೆ ಏರಿಸಿದೆವು. ಏರಿತು ಎಂದು ನಿಟ್ಟುಸಿರು ಬಿಡುವಾಗಲೇ ಆ ಊರಿನ ಆಕೆಯ ಫೋನ್.

"ಅಕ್ಕ, ಚೌಕ ಮತ್ತೆ ಬಂತು. ಆದ್ರೆ ಇನ್ನೂ ಮೂವತ್ತೊಂದೇ ಅಂತೈತೆ."

ಪೋರ್ಟಲ್ ಬೇಗ ತೆರೆಯಲೆಂದು ಹಳೆಯ ಚಿತ್ರವನ್ನು ತನ್ನಲ್ಲಿ ಎತ್ತಿಟ್ಟುಕೊಂಡು ಅದನ್ನೇ ಬಡಿಸುತ್ತಿತ್ತು. ನಿನ್ನೆಯ ಸಾರು ಬಿಸಿಮಾಡಿ ಕೊಟ್ಟಂತೆ. ಮೇಲ್ವಿಚಾರಕರು ಅದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿಸಿದರು. ಸಂಜೆಗೆ ನಾನೇ ಫೋನ್ ಮಾಡಿ, ಈಗ ನೋಡಿ ಎಂದೆ. ಆಕೆ ಮಗಳನ್ನು ಕೂಗಿ ಅವಳ ಫೋನಿನಲ್ಲಿ ತೆರೆಸಿದರು.

"ಇಪ್ಪತ್ನಾಲ್ಕು" ಎಂದರು ಆಕೆ. ಮತ್ತೆ, "ಗುಡಿ ಮೂವತ್ತು. ಕಳಸಾನೂ ಐತೆ."

ನಮ್ಮತ್ತೆ ಪರದೆಯ ಮುಂದೆ ನಿಂತು, ಈ ಸಲ ಪೂರ್ತಿ ಕೈ ಮುಗಿದರು.

ಕಾರ್ತಿಕದ ದೀಪಕ್ಕೆ ಎಣ್ಣೆಯ ಡಬ್ಬಿ ಹಿಡಿದು ಅತ್ತೆಯನ್ನೂ ಕರೆದುಕೊಂಡು ಹೋದೆ. ಹೊಸದುರ್ಗದ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಯಜಮಾನರು ಎಣ್ಣೆಯನ್ನು ಗುಡಿಯೊಳಗೆ ಕಳಿಸಿ, "ಡ್ರೋನಿನ ತಪ್ಪುಕಾಣಿಕೆ ಬಂತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅತ್ತೆ ಅಜ್ಜಿಯ ಪಕ್ಕ ಕೂತು ಎಲೆಅಡಿಕೆಗೆ ಕೈ ಚಾಚಿದರು. ಕೋಣೆ ಕಟ್ಟಿಸಿದಾಕೆ ಬಂದು ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು.

ಟ್ಯಾಂಕ್ ಅಂಗಳದ ಮೂಲೆಯಲ್ಲಿ ಕಲ್ಲುಕಟ್ಟೆಯ ಮೇಲೆ ಕೂತಿತ್ತು. ಮೇಲಿನ ಕೋಣೆಯಲ್ಲಿ ಒಂದು ಚಾಪೆ, ಗೋಡೆಗೆ ಒರಗಿಸಿಟ್ಟ ಪುಸ್ತಕಗಳು, ಒಂದು ಕಿಟಕಿ. ಮಗಳು ಎದ್ದು ಬಂದು ಕಾಲಿಗೆ ನಮಸ್ಕರಿಸಿದಳು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಕೆಳಗೆ ಗುಡಿಯ ಸುತ್ತ ಒಂದೊಂದೇ ದೀಪ ಹತ್ತುತ್ತಿತ್ತು, ಕಳಸ ಸರಿಯಾಗಿ ನನ್ನ ಕಣ್ಣಿನ ನೇರಕ್ಕಿತ್ತು.

"ನಿಂತ್ರೆ ಸಮ ಬರುತ್ತೆ ಆಂಟಿ, ಕುಂತ್ರೆ ಕಳಸ ಮ್ಯಾಲೆ" ಎಂದಳು ಹುಡುಗಿ. "ಅದಕ್ಕೇ ನಾನು ಈ ಕೋಣೆಲಿ ನಿಂತ್ಕಂಡು ಓದಲ್ಲ."

ಅವಳು ಚಾಪೆಯಲ್ಲಿ ಸರಿದು ಜಾಗ ಕೊಟ್ಟಳು. ನಾನೂ ಕೂತೆ.